ಮೆಟ್ಟಿಲು ಹತ್ತುವಾಗ ಸದ್ದಿರಲಿಲ್ಲ

ಹಳೆಯ ಆಟಕ್ಕೆ ಒಂದು ನಾಣ್ಯ ಸಾಕಿತ್ತು. ಆ ಕಾಲದಲ್ಲಿ ಅದೇ ನಾಣ್ಯಕ್ಕೆ ಅರ್ಧ ಲೋಟ ಚಹಾ ಬರುತ್ತಿತ್ತು. ಆಟ ಬಲ್ಲವನಿಗೆ ಇಪ್ಪತ್ತೈದು ನಿಮಿಷ, ಬರದವನಿಗೆ ಎರಡು ನಿಮಿಷ. ಹೊಸ ಆಟದ ಬೆಲೆ ನನ್ನ ಒಂದು ತಿಂಗಳ ಹಾಲು, ಕರೆಂಟು, ಗ್ಯಾಸು ಮೂರೂ ಸೇರಿದಷ್ಟು. ಅದನ್ನು ಆಡುವ ಪೆಟ್ಟಿಗೆಗೆ ಬೇರೆ ದುಡ್ಡು. ಅದು ನನ್ನ ಎಂಟು ತಿಂಗಳ ಬಾಡಿಗೆ. ಪುಣ್ಯಕ್ಕೆ ಎರಡನ್ನೂ ಕೊಂಡವಳು ನಾನಲ್ಲ, ನನ್ನ ಮೈದುನನ ಮಗಳು.

ಅವಳು ವಾರವಿಡೀ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನ ವಿಡಿಯೋ ಆಟಗಳನ್ನು ಆಡಿ, ಯಾವುದನ್ನು ಕೊಳ್ಳಬಹುದು, ಯಾವುದು ದುಡ್ಡಿಗೆ ದಂಡ ಎಂದು ತನ್ನ ಚಾನೆಲ್ಲಿನಲ್ಲಿ ಹೇಳುತ್ತಾಳೆ. ಕೇಳುವವರು ಕೆಲವು ಸಾವಿರ ಜನ ಇದ್ದಾರಂತೆ. ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ಮನೆಮಂದಿಯೆಲ್ಲ ಅವಳನ್ನು ಚಿನಕುರುಳಿ ಎಂದೇ ಕರೆಯುವುದು. ಅವಳು ಬಂದು ಹೋದ ದಿನ ನನ್ನ ಒಂದು ಕೋಣೆ, ಒಂದು ಅಡುಗೆಮನೆ ಎಷ್ಟು ದೊಡ್ಡದಾಗಿವೆ ಎಂದು ಗೊತ್ತಾಗುತ್ತದೆ.

ಆ ಭಾನುವಾರ ಬೆಳಿಗ್ಗೆ ಅವಳು ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದಳು. ಚಪ್ಪಲಿ ಬಿಡುವ ಮೊದಲೇ, "ದೊಡ್ಡಮ್ಮ, ನಿಮ್ಮ ಅಂಗಡಿಯ 'ಏಳು ಮಹಡಿ' ಆಟ ಮತ್ತೆ ಬಂದಿದೆ. ಹೊಸದಾಗಿ ಮಾಡಿದ್ದಾರೆ. ನೀವು ನೋಡಿ ಹೇಳ್ಬೇಕು, ಹೆಂಗಿದೆ ಅಂತ," ಎಂದಳು.

"ಹಳೇದನ್ನೇ ನಾನು ನೋಡಿಲ್ಲ," ಎಂದೆ.

ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ನಾನು ಹೇಳಿದ್ದು ನಿಜ.

ಬಸ್ ನಿಲ್ದಾಣದ ಪಕ್ಕದ ನೆಲಮಾಳಿಗೆಯಲ್ಲಿ ಹನ್ನೆರಡು ಆಟದ ಯಂತ್ರಗಳ ಅಂಗಡಿ ಇತ್ತು. ನಮ್ಮ ಯಜಮಾನರು ಅಲ್ಲಿ ಮೆಕ್ಯಾನಿಕ್, ನಾನು ನೋಟು ತೆಗೆದುಕೊಂಡು ನಾಣ್ಯ ಕೊಡುವ ಕೌಂಟರಿನಲ್ಲಿ. ಇಬ್ಬರಿಗೂ ಒಬ್ಬನೇ ಸಾಹುಕಾರ, ಇಬ್ಬರ ಸಂಬಳ ಸೇರಿಸಿದರೆ ಒಂದು ಸಂಸಾರ. ಸಾಹುಕಾರನಿಗೆ ಕಳ್ಳರ ಭಯ. ಬಾಗಿಲ ಬಳಿ ಕೌಂಟರ್ ಇಟ್ಟರೆ ಯಾರಾದರೂ ದುಡ್ಡು ಬಾಚಿಕೊಂಡು ಓಡುತ್ತಾರೆಂದು ನನ್ನನ್ನು ಹಿಂದಿನ ಗೋಡೆಗೆ ಅಂಟಿಸಿ ಕೂರಿಸಿದ್ದ. ಹಾಗಾಗಿ ಇಪ್ಪತ್ತೊಂದು ವರ್ಷ ನಾನು ಕಂಡದ್ದು ಯಂತ್ರಗಳ ಬೆನ್ನು, ಅದರ ಮೇಲೆ ಆಡುವವರ ಮುಖ. ಪರದೆಯ ಬೆಳಕು ಬಿದ್ದು ಆ ಮುಖಗಳು ನೀಲಿಯಾಗುತ್ತಿದ್ದವು, ಕೆಂಪಾಗುತ್ತಿದ್ದವು. ಯಾವ ಆಟ ಹೇಗಿತ್ತು ಎಂದು ಕೇಳಿದರೆ, ಅದು ಎಂಥ ಮುಖ ಮಾಡಿಸುತ್ತಿತ್ತು, ಎಂಥ ಸದ್ದು ಮಾಡುತ್ತಿತ್ತು ಎಂದು ಹೇಳಬಲ್ಲೆ. ಚಿತ್ರ ಮಾತ್ರ ಗೊತ್ತಿಲ್ಲ.

ಎದ್ದು ಹೋಗಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾಣ್ಯದ ಪೆಟ್ಟಿಗೆ ಬಿಟ್ಟು ಏಳುವಂತಿರಲಿಲ್ಲ. ಆಮೇಲೆ ನೋಡಬೇಕೆಂಬ ಆಸೆಯೂ ಹೋಯಿತು.

ಏಳು ಮಹಡಿಯ ಕಥೆ ನಾನು ಕಿವಿಯಲ್ಲಿ ಕೇಳಿ ಕೂಡಿಸಿಕೊಂಡದ್ದು. ಒಂದು ಪಾಳುಬಿದ್ದ ಕಟ್ಟಡ, ಅದಕ್ಕೊಬ್ಬ ಕಾವಲುಗಾರ. ಲಿಫ್ಟ್ ಕೆಟ್ಟಿದೆ. ಮೇಲಿನ ಮಹಡಿಯಲ್ಲಿ ಅವನ ತಮ್ಮ ಸಿಕ್ಕಿಹಾಕಿಕೊಂಡಿದ್ದಾನೆ. ಪ್ರತಿ ಮಹಡಿಯಲ್ಲೂ ಹೆಣಗಳು ಎದ್ದು ಬರುತ್ತವೆ; ಅವನ್ನು ಬರೀ ಕೈಯಲ್ಲಿ, ಸಿಕ್ಕರೆ ಒಂದು ಕುರ್ಚಿಕಾಲಲ್ಲಿ ಬಡಿದು ಮಲಗಿಸಿ ಮೆಟ್ಟಿಲು ಹತ್ತಬೇಕು. ಅಷ್ಟೇ ಕಥೆ. ಅದರ ಮುಂದೆ ನಿಂತವರ ಮುಖ ಮಾತ್ರ ಬೇರೆ ಯಾವ ಯಂತ್ರದ ಮುಂದೆಯೂ ಕಾಣಲಿಲ್ಲ. ಮೀಸೆ ಹೊತ್ತ ಗಂಡಸರು ತುಟಿ ಕಚ್ಚಿಕೊಂಡು, ಕತ್ತಲಲ್ಲಿ ಒಬ್ಬರೇ ಹಿತ್ತಲಿಗೆ ಹೋದ ಮಕ್ಕಳ ಹಾಗೆ ನಿಂತಿರುತ್ತಿದ್ದರು.

ಅಂಗಡಿ ತೆರೆಯುವ ಮೊದಲು ಯಜಮಾನರು ಬೆಳಿಗ್ಗೆ ಒಂದೊಂದೇ ಯಂತ್ರ ಹಚ್ಚಿ, ಗುಂಡಿಗಳನ್ನು ಒತ್ತಿ, ಸರಿಯಿದೆಯೇ ನೋಡಿ ಆರಿಸುತ್ತಿದ್ದರು. ಹನ್ನೊಂದು ಯಂತ್ರಕ್ಕೆ ಎರಡೆರಡು ನಿಮಿಷ. ಏಳು ಮಹಡಿಗೆ ಮಾತ್ರ ಒಂದು ಸ್ಟೂಲು ಎಳೆದುಕೊಂಡು ಪೂರ್ತಿ ಆಟ. ಪರೀಕ್ಷೆ ಎನ್ನುತ್ತಿದ್ದರು. ಸಾಹುಕಾರನಿಗೂ ಗೊತ್ತಿತ್ತು, ಅವನೂ ಸುಮ್ಮನಿದ್ದ. ನಾನು ಹಿಂದೆ ಕೂತು ನಾಣ್ಯಗಳನ್ನು ಹತ್ತು ಹತ್ತರಂತೆ ಪೇರಿಸುತ್ತಿದ್ದೆ. ಸ್ಟೂಲಿನಲ್ಲಿ ಕೂತರೆ ಅವರು ನನಗೆ ಕಾಣುತ್ತಿರಲಿಲ್ಲ, ನಾನು ಅವರಿಗೆ ಕಾಣುತ್ತಿರಲಿಲ್ಲ. ನಡುವೆ ಆ ಯಂತ್ರದ ಪೆಟ್ಟಿಗೆ.

ಮದುವೆಯಾದ ಮೊದಲ ವರ್ಷ ಒಂದು ಬೆಳಿಗ್ಗೆ ನಾವು ಜಗಳವಾಡಿದೆವು. ಯಾವುದಕ್ಕೆಂದು ಈಗ ನೆನಪಿಲ್ಲ. ಆ ವಯಸ್ಸಿನ ಜಗಳಕ್ಕೆ ಕಾರಣ ಬೇಕಿರಲಿಲ್ಲ. ಅವರು ಹೆಣ ಬಡಿಯುತ್ತಲೇ ನನ್ನನ್ನು ಸಮಾಧಾನ ಮಾಡುತ್ತಿದ್ದರು, ನಾನು ಎದ್ದು ಹಿಂಬಾಗಿಲಿನಿಂದ ಅಮ್ಮನ ಮನೆಗೆ ಹೋಗಿಬಿಟ್ಟೆ. ಮೂರನೆಯ ಮಹಡಿಯಿಂದ ಏಳನೆಯ ಮಹಡಿಯ ತನಕ ಅವರು ಖಾಲಿ ಕುರ್ಚಿಯ ಹತ್ತಿರ ತಪ್ಪು ಒಪ್ಪಿಕೊಂಡರಂತೆ. ಸಂಜೆ ಅಮ್ಮನ ಮನೆ ಬಾಗಿಲಿಗೆ ಬಂದು ಅವರೇ ಹೇಳಿದ್ದು. ಅಮ್ಮ ನಗು ತಡೆಯಲಾರದೆ ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಟೆ.

ಆಮೇಲೆ ಅವರು ಕೇಳುವುದಕ್ಕೆ ಶುರುಮಾಡಿದರು. ಒಂದು ಮಹಡಿ ಮುಗಿಯುತ್ತಿತ್ತು, ಕಾವಲುಗಾರ ಮೆಟ್ಟಿಲು ಹತ್ತುತ್ತಿದ್ದ. ಆಗ ಆಟ ಮೌನವಾಗುತ್ತಿತ್ತು. ಎಂಟು ಎಣಿಸುವಷ್ಟು ಹೊತ್ತು ಸದ್ದೇ ಇಲ್ಲ. ಆ ಮೌನದಲ್ಲಿ ಪೆಟ್ಟಿಗೆಯ ಆಚೆಯಿಂದ ಅವರ ದನಿ: "ಇದ್ದೀಯೇನೇ?"

"ಇದ್ದೀನ್ರೀ."

ಮತ್ತೆ ಹೆಣಗಳ ನರಳಾಟ. ಏಳು ಮಹಡಿಗೆ ಆರು ಮೆಟ್ಟಿಲು, ದಿನಕ್ಕೆ ಆರು ಸಲ. ಕೆಲವು ದಿನ ಕೋಪದಲ್ಲಿ "ಇದ್ದೀನಿ, ಎಲ್ಲಿ ಸಾಯ್ಲಿ" ಎನ್ನುತ್ತಿದ್ದೆ. ಅವರಿಗೆ ಅದೂ ಸಾಕಾಗುತ್ತಿತ್ತು. ಹೆಣ ಕಂಡರೆ ಹೆದರಿ ಕೇಳುತ್ತೀರಿ ಎಂದು ರೇಗಿಸಿದರೆ ಹೌದು ಎನ್ನುತ್ತಿದ್ದರು. ಅವರ ಎಡ ಮೊಣಕಾಲಿನ ಬಳಿ ಪ್ಯಾಂಟು ಮಾತ್ರ ಯಾವಾಗಲೂ ಒಂದೇ ಜಾಗದಲ್ಲಿ ಸವೆದು ತೂತಾಗುತ್ತಿತ್ತು. ತೇಪೆ ಹಾಕುತ್ತಾ ಬೈದರೆ, "ದಿನಾ ಆರಾರು ಮಹಡಿ ಹತ್ತೋನು ಕಣೇ ನಾನು," ಎನ್ನುತ್ತಿದ್ದರು.

ಅಂಗಡಿ ಮುಚ್ಚಿ ಹದಿನಾಲ್ಕು ವರ್ಷವಾಯಿತು. ಅವರು ಹೋಗಿ ನಾಲ್ಕು ವರ್ಷ. ನಾನೀಗ ಮಧ್ಯಾಹ್ನದವರೆಗೆ ಒಂದು ಲಾಂಡ್ರಿಯ ಕೌಂಟರಿನಲ್ಲಿ ಚೀಟಿ ಹರಿದು ಕೊಡುತ್ತೇನೆ. ಆಮೇಲೆ ಮನೆ. ಒಬ್ಬಳಿಗೆ ಚಹಾ ಇಟ್ಟರೆ ಇಬ್ಬರ ಪಾತ್ರೆಯಲ್ಲಿ ಅದು ತಳ ಹಿಡಿಯುತ್ತದೆ. ಚಿಕ್ಕ ಪಾತ್ರೆ ತರಬೇಕು ಎಂದುಕೊಂಡೇ ನಾಲ್ಕು ವರ್ಷ ಕಳೆದಿದೆ.

ಚಿನಕುರುಳಿ ನೀರಿಗೆಂದು ಫ್ರಿಜ್ ತೆಗೆದು, ಫೋನಿನ ದೀಪ ಬಿಟ್ಟುಕೊಂಡು ಬಾಟಲಿ ಹುಡುಕಿದಳು. "ಇದಕ್ಕೆ ಇನ್ನೂ ದೀಪ ಹಾಕ್ಸಿಲ್ವಾ ದೊಡ್ಡಮ್ಮ?" ಎಂದಳು. ಆ ಫ್ರಿಜ್ಜಿನೊಳಗೆ ದೀಪ ಹತ್ತಿದ್ದನ್ನು ಅವಳು ಹುಟ್ಟಿದ ಮೇಲೆ ಯಾರೂ ಕಂಡಿಲ್ಲ. ಊರಿನ ಯಂತ್ರವನ್ನೆಲ್ಲ ರಿಪೇರಿ ಮಾಡುವವರ ಮನೆಯ ಫ್ರಿಜ್ಜಿನಲ್ಲಿ ಕತ್ತಲು ಎಂದು ನಾನು ಎಷ್ಟು ಚುಚ್ಚಿದರೂ ಅವರು ನಾಳೆ, ನಾಡಿದ್ದು ಎನ್ನುತ್ತಲೇ ಹೋದರು. ಕೊನೆಗೆ ಅದು ಬೈಗುಳವಾಗಿ ಉಳಿಯದೆ ಮನೆಯ ಮಾತಾಗಿತ್ತು.

ಅವಳು ಪೆಟ್ಟಿಗೆಯನ್ನು ನನ್ನ ಟೀವಿಗೆ ಜೋಡಿಸಿದಳು. ನಾನು ಕುರ್ಚಿ ತೆಗೆದುಕೊಂಡು ಟೀವಿಯ ಹಿಂದೆ, ಗೋಡೆಗೆ ಒರಗಿ, ಅವಳ ಮುಖ ಕಾಣುವ ಹಾಗೆ ಕೂತೆ. ಅವಳಿಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಫೋನನ್ನು ನನ್ನ ಕಡೆ ತಿರುಗಿಸಿ ನಿಲ್ಲಿಸಿದಳು. ಆಡುತ್ತಾ ಹೋದಳು, ನಾನು ಕೇಳಿದ್ದನ್ನು ಹೇಳುತ್ತಾ ಹೋದೆ.

ಹೊಸದರಲ್ಲಿ ಹೆಣ ಬರುವ ಮೊದಲೇ ಗರ್ಜಿಸುತ್ತದೆ ಎಂದೆ. ಹಳೆಯದರಲ್ಲಿ ಅದು ಹತ್ತಿರ ಬರುವ ತನಕ ಬರೀ ಕಾಲೆಳೆಯುವ ಸದ್ದು, ಅದೂ ಒಂದೇ ಕಾಲಿನದು. ಕೂಗಿಕೊಂಡು ಬರುವವನಿಗಿಂತ ಮೆಲ್ಲಗೆ ಬರುವವನಿಗೆ ಹೆದರಬೇಕು ಎಂದು ನಾಣ್ಯದ ಕೌಂಟರಿನಲ್ಲಿ ಕೂತ ಯಾರನ್ನು ಕೇಳಿದರೂ ಹೇಳುತ್ತಾರೆ. ಹಳೆಯದರಲ್ಲಿ ಕೈಯೇಟಿಗೆ ಒಂದು ಸದ್ದು, ಕುರ್ಚಿಕಾಲಿಗೆ ಒಂದು, ಗೋಡೆಗೆ ಎಸೆದರೆ ಇನ್ನೊಂದು. ಈಗ ಎಲ್ಲದಕ್ಕೂ ಒದ್ದೆ ಬಟ್ಟೆ ಒಗೆಯುವ ಕಲ್ಲಿನ ಸದ್ದೇ. ಇದೆಲ್ಲ ಹೋಗಲಿ ಎಂದು ಅವಳ ಮುಖ ನೋಡಿದೆ. ಅವಳು ನಾಲ್ಕು ಸಲ ಸತ್ತಳು, ನಾಲ್ಕು ಸಲವೂ ಆಕಳಿಸಿದಳು. ಸತ್ತಲ್ಲೇ ಎದ್ದು ನಿಲ್ಲಬಹುದಂತೆ, ಎಷ್ಟು ಸಲ ಬೇಕಾದರೂ. ನಮ್ಮಲ್ಲಿ ಸತ್ತವನು ಜೇಬು ತಡಕುತ್ತಿದ್ದ. ಜೇಬಿನಲ್ಲಿ ಬಸ್ಸಿನ ದುಡ್ಡು ಮಾತ್ರ ಉಳಿದಿದೆ ಎಂದು ಗೊತ್ತಾದಾಗಿನ ಮುಖ ಇದೆಯಲ್ಲ, ಆ ಭಯವನ್ನು ಯಾವ ಹೆಣವೂ ಹುಟ್ಟಿಸಲಾರದು. ಕಳೆದುಕೊಳ್ಳುವುದು ಏನೂ ಇಲ್ಲದ ಕಡೆ ಹೆದರಿಕೆ ಎಲ್ಲಿಂದ ಬರಬೇಕು?

ಆಗ ಅವಳು ಮೊದಲ ಮಹಡಿ ಮುಗಿಸಿದಳು. ಮೆಟ್ಟಿಲು ಶುರುವಾಯಿತು. ತಮಟೆ ಬಡಿದ ಹಾಗೆ ಸದ್ದು ಧಮಧಮ ಎಂದಿತು. ಅದರ ಮೇಲೆ ಕಾವಲುಗಾರ ಏನೋ ಜೋಕು ಹೇಳಿದ.

"ಇಲ್ಲಿ ಸದ್ದಿರಲಿಲ್ಲ," ಎಂದೆ.

"ಏನೂ ಇರ್ಲಿಲ್ವಾ?"

"ಏನೂ ಇರ್ಲಿಲ್ಲ. ಮೆಟ್ಟಿಲು ಹತ್ತುವಾಗ ಸದ್ದಿರ್ಲಿಲ್ಲ. ಈ ಆಟದ ಜೀವ ಇದ್ದಿದ್ದೇ ಅಲ್ಲಿ. ಅದನ್ನ ಕೊಂದು ಹಾಕಿದ್ದಾರೆ."

ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಅವಳು ಈ ಆಟ ತಂದಿದ್ದಾಳೆ ಎಂದಾಗ ನಾನು ಕಾದದ್ದು ಅದೊಂದಕ್ಕೇ. ಒಂದೇ ಒಂದು ಸಲ ಆ ಎಂಟು ಎಣಿಕೆಯ ಮೌನ ಈ ಕೋಣೆಯಲ್ಲಿ ಬಿದ್ದರೆ ಸಾಕು, ಪ್ರಶ್ನೆಯನ್ನು ನಾನೇ ತುಂಬಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

ಅವಳು ಅದನ್ನೆಲ್ಲ ಚಾನೆಲ್ಲಿಗೆ ಹಾಕಿದಳು. ಪರದೆಯ ಹಿಂದೆ ಕೂತು ವಿಮರ್ಶೆ ಮಾಡುವ ದೊಡ್ಡಮ್ಮ ಜನಕ್ಕೆ ಹಿಡಿಸಿದಳು. ಬಸ್ಸಿನ ದುಡ್ಡಿನ ಮಾತಿಗೆ ತುಂಬ ಜನ ನಕ್ಕರಂತೆ. ಮೂರನೆಯ ದಿನ, ಹಳೆಯ ಯಂತ್ರಗಳನ್ನು ಕೂಡಿಟ್ಟುಕೊಂಡಿರುವ ಒಬ್ಬಾತ ತನ್ನ ಬಳಿ ಇರುವ ಏಳು ಮಹಡಿಯನ್ನು ಆಡಿ, ಅದರ ಸದ್ದು ಹಿಡಿದು ಕಳಿಸಿದ. ಮೆಟ್ಟಿಲ ಮೇಲೆ ಮೊದಲಿನಿಂದ ಕೊನೆಯ ತನಕ ತಮಟೆ. ಹಳೆಯ ಆಟದಲ್ಲೂ ಅಲ್ಲಿ ಮೌನವೇ ಇರಲಿಲ್ಲ, ಇದು ಅಡುಗೂಲಜ್ಜಿ ಕಥೆ ಎಂದು ಬರೆದಿದ್ದ. ಅವನ ಹಿಂದೆ ನೂರು ಜನ ಹೌದು ಹೌದು ಎಂದರು. ಅಜ್ಜಿಯನ್ನೇ ಬಾಡಿಗೆಗೆ ತಂದಿದ್ದಾಳೆ ಎಂದವನೂ ಒಬ್ಬ.

ಚಿನಕುರುಳಿ ಫೋನ್ ಮಾಡಿ ಅದನ್ನು ಕೇಳಿಸಿದಳು. ಅವಳ ಮಾತು ಅವತ್ತು ನಿಧಾನವಾಗಿತ್ತು. "ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ. ಎಷ್ಟು ವರ್ಷ ಆಯ್ತು, ನೆನಪು ಹಂಗೇ ಅಲ್ವಾ. ಆ ಭಾಗ ತೆಗೆದುಬಿಡ್ತೀನಿ," ಎಂದಳು.

ಅವಳ ಬಗ್ಗೆ ಬೇಸರವಿರಲಿಲ್ಲ. ನಗುವವರ ಬಗ್ಗೆಯೂ ಇರಲಿಲ್ಲ. ಕೌಂಟರಿನಲ್ಲಿ ಕೂತವಳಿಗೆ ಇದಕ್ಕಿಂತ ಕೆಟ್ಟ ಮಾತು ರೂಢಿ. ನನಗೆ ಬಂದದ್ದು ಬೇರೆ ಭಯ. ಮೆಟ್ಟಿಲ ಮೇಲೆ ತಮಟೆ ಬಡಿಯುತ್ತಿದ್ದರೆ ಅವರು ಕೇಳಿದ್ದು ಯಾವಾಗ? ನನಗೆ ಕೇಳಿಸಿದ್ದು ಹೇಗೆ? ನಾಲ್ಕು ವರ್ಷ ಒಬ್ಬಳೇ ಕೂತು, ಬೇಕಾದದ್ದನ್ನು ನಾನೇ ಹೆಣೆದುಕೊಂಡೆನೇ? ಅವರ ಫೋಟೋಗಳು ಎರಡಿವೆ, ದನಿ ಎಲ್ಲೂ ಇಲ್ಲ. ಆ ಒಂದು ಪ್ರಶ್ನೆಯೂ ಸುಳ್ಳಾದರೆ ಆ ಬೆಳಗುಗಳಲ್ಲಿ ನನಗೆ ಉಳಿಯುವುದು ನಾಣ್ಯ ಎಣಿಸಿದ್ದು ಮಾತ್ರ. ಹಗಲಿನಲ್ಲಿ ಹನ್ನೆರಡೂ ಯಂತ್ರ ಒಟ್ಟಿಗೆ ಕಿರುಚುವಾಗ ಯಾವ ಸದ್ದು ಯಾವುದರದು ಎಂದು ತಿಳಿಯುತ್ತಿರಲಿಲ್ಲ. ಸಾಕ್ಷಿಗೆ ಬೆಳಗಿನ ಪರೀಕ್ಷೆಯಷ್ಟೇ. ಅದಕ್ಕಿದ್ದ ಇಬ್ಬರಲ್ಲಿ ಒಬ್ಬರಿಲ್ಲ.

ಎರಡು ದಿನ ಒದ್ದಾಡಿದೆ. ಮೂರನೆಯ ದಿನ ನನಗೇ ನಾಚಿಕೆಯಾಯಿತು. ಯಂತ್ರ ಇರುವಾಗ ಯೋಚನೆ ಯಾಕೆ?

ಅಂಗಡಿ ಮುಚ್ಚಿದಾಗ ಹನ್ನೊಂದು ಯಂತ್ರ ಗುಜರಿಗೆ ಹೋದವು. ಏಳು ಮಹಡಿಯನ್ನು ಎರಡು ಬೀದಿ ಆಚೆಯ ಕ್ಷೌರದಂಗಡಿಯವನು ಕಾಯುವ ಗಿರಾಕಿಗಳಿಗೆಂದು ಕೊಂಡಿದ್ದ. ಮಧ್ಯಾಹ್ನ ಲಾಂಡ್ರಿಯಿಂದ ಸೀದಾ ಅಲ್ಲಿಗೆ ಹೋದೆ. ಅಂಗಡಿ ಖಾಲಿಯಿತ್ತು. ಅವನು ಕುರ್ಚಿಯಲ್ಲಿ ತಾನೇ ಕೂತು ಕನ್ನಡಿಯಲ್ಲಿ ತನ್ನ ನೆತ್ತಿ ನೋಡಿಕೊಳ್ಳುತ್ತಿದ್ದ. ಯಂತ್ರ ಮೂಲೆಯಲ್ಲಿತ್ತು, ತಲೆಯ ಮೇಲೆ ಟವೆಲ್ಲುಗಳ ರಾಶಿ. ಪರದೆ ಸತ್ತು ಆರು ವರ್ಷವಾಯಿತು, ಸದ್ದು ಮಾತ್ರ ಬರುತ್ತದೆ ಎಂದ.

"ಹಾಕೋದು ಬಿಟ್ಟಿದ್ದೀನಿ ಅಕ್ಕ. ನಾನು ಕತ್ತಿನ ಮೇಲೆ ಕತ್ತಿ ಇಟ್ಟಾಗ ಹಿಂದಿಂದ ಹೆಣ ನರಳಿದ್ರೆ ಗಿರಾಕಿ ಅಲ್ಲಾಡ್ತಾನೆ. ಒಬ್ಬನ ಅರ್ಧ ಮೀಸೆ ಹಂಗೇ ಹೋಯ್ತು."

ನನಗೆ ಬೇಕಾದದ್ದು ಸದ್ದೇ ಎಂದೆ. ಅವನು ಟವೆಲ್ಲು ಇಳಿಸಿ, ಯಂತ್ರವನ್ನು ಗೋಡೆಯಿಂದ ಎಳೆದು, ಹಿಂದೆ ತೂರಿಕೊಂಡು ಪ್ಲಗ್ಗು ಸಿಕ್ಕಿಸಲು ಹೋದ. ನಾನು ಮುಂದೆ ನಿಂತೆ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಬರದಿದ್ದ ಕಡೆ. ಗೀರುಬಿದ್ದ ಹಲಗೆ, ಸವೆದ ಗುಂಡಿಗಳು, ಕಪ್ಪು ಗಾಜು. ಗಾಜಿನಲ್ಲಿ ನನ್ನದೇ ಮುಖ. ಕಾಲು ನೋಯುತ್ತಿತ್ತು, ಗಿರಾಕಿಗಳ ಸ್ಟೂಲು ಎಳೆದುಕೊಂಡು ಕೂತೆ.

ಕೂತಾಗ ಎಡ ಮೊಣಕಾಲಿಗೆ ಏನೋ ತಗುಲಿತು.

ಬಗ್ಗಿ ನೋಡಿದೆ. ಗುಂಡಿಗಳ ಹಲಗೆಯ ಕೆಳಗೆ, ನೆರಳಿನಲ್ಲಿ, ಮರ ಕೊರೆದು ಕೂರಿಸಿದ, ಗುಂಡಿಯಂಥ ಒಂದು ಬಿಳಿಯ ಗುಬುಟು. ಹೆಬ್ಬೆರಳಿನಷ್ಟು. ಸುತ್ತ ತಿರುಪು, ತಿರುಪಿನ ತಲೆಗೆ ಒಂದು ಚುಕ್ಕೆ ಬಣ್ಣ; ತಾವು ಬಿಗಿದ ತಿರುಪನ್ನು ಬೇರೆಯವರು ಬಿಚ್ಚಿದರೆ ತಿಳಿಯಲಿ ಎಂದು ಅವರು ಹಾಗೆ ಹಚ್ಚುತ್ತಿದ್ದರು. ಅದು ಫ್ರಿಜ್ ಬಾಗಿಲಿನ ಸ್ವಿಚ್ಚು. ಬಾಗಿಲು ಮುಚ್ಚಿ ಅದನ್ನು ಒತ್ತಿದರೆ ದೀಪ ಆರುತ್ತದೆ, ತೆರೆದರೆ ಹತ್ತುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಅದು ಇರಬೇಕಾದ ಜಾಗದಲ್ಲಿ ಒಂದು ತೂತಿದೆ. ಆ ತೂತನ್ನು ನಾನು ವರ್ಷಗಟ್ಟಲೆ ಒರೆಸಿದ್ದೇನೆ.

ಹಿಂದೆ ಪ್ಲಗ್ಗು ಸಿಕ್ಕಿತು. ಯಂತ್ರ ಕೆಮ್ಮಿ, ಗುರುಗುಟ್ಟಿ, ತಮಟೆ ಬಡಿಯಲು ಶುರುಮಾಡಿತು. ಯಾರೂ ಆಡದಿದ್ದಾಗ ಜನರನ್ನು ಕರೆಯಲು ಅದು ಮಾಡುವ ಗಲಾಟೆ ಅದು. ಅದೇ ತಮಟೆ, ಚಿನಕುರುಳಿ ಫೋನಿನಲ್ಲಿ ಕೇಳಿಸಿದ್ದು. ನಾನು ಮೊಣಕಾಲು ಮುಂದೆ ತಂದು ಗುಬುಟನ್ನು ಒತ್ತಿದೆ.

ಸದ್ದು ನಿಂತಿತು. ಅಂಗಡಿಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ನಾನು ಒತ್ತಿ ಹಿಡಿದೇ ಕೂತೆ.

ಯಂತ್ರದ ಆಚೆಯಿಂದ ಕ್ಷೌರದವನು ಕೇಳಿದ: "ಅಕ್ಕಾ, ಇದ್ದೀರಾ? ಶಾಕ್ ಏನಾದ್ರೂ ಹೊಡೀತಾ?"

 "ಇದ್ದೀನಪ್ಪಾ," ಎಂದೆ. ಕಾಲು ತೆಗೆದೆ. ತಮಟೆ ಮತ್ತೆ ಶುರುವಾಯಿತು.

ಅವನು ಈಚೆ ಬಂದು ನನ್ನ ಮುಖ ನೋಡಿ ಒಂದು ಒಗೆದ ಟವೆಲ್ಲು ಕೊಟ್ಟ. ನಾನು ಗುಬುಟು ತೋರಿಸಿ ಯಾರು ಹಾಕಿದ್ದೆಂದು ಹೇಳಿದೆ. ಬೇಕಾದರೆ ಬಿಚ್ಚಿ ಕೊಡುತ್ತೇನೆ, ಅದು ಏನೆಂದು ತನಗೆ ಇವತ್ತಿಗೂ ತಿಳಿದಿರಲಿಲ್ಲ ಎಂದ. ಬೇಡ ಎಂದೆ. ಅಲ್ಲಿದ್ದರೆ ಅದಕ್ಕೊಂದು ಕೆಲಸ ಇದೆ, ಬಿಚ್ಚಿ ತಂದರೆ ಬರೀ ಪ್ಲಾಸ್ಟಿಕ್ಕು. ಮಾರುವ ಯೋಚನೆ ಬಂದರೆ ಮೊದಲು ನನಗೆ ಹೇಳು ಎಂದಷ್ಟೇ ಹೇಳಿ ಬಂದೆ.

ಮುಂದಿನ ಭಾನುವಾರ ಚಿನಕುರುಳಿ ಬಂದಾಗ ಅವಳಿಗೆ ಪೂರ್ತಿ ಹೇಳಿದೆ: ಜಗಳ, ಅಮ್ಮನ ಮನೆ, ಸ್ವಿಚ್ಚು. ಅವಳು ಎದ್ದು ಹೋಗಿ ಫ್ರಿಜ್ ತೆಗೆದು ಆ ತೂತು ನೋಡಿ ಬಂದಳು. ಒಂದು ಮಾತೂ ಆಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು. ಆಮೇಲೆ ಇದನ್ನು ಹಾಕಿದರೆ ಆ ನೂರು ಜನರ ಬಾಯಿ ಮುಚ್ಚುತ್ತದೆ ಎಂದಳು. ಅವರ ಬಾಯಿ ಹೇಗಿದ್ದರೂ ಇರಲಿ, ಇದು ಚಾನೆಲ್ಲಿಗಲ್ಲ ಎಂದೆ. ಅವಳು ಫೋನು ತಿರುಗಿಸಿ ನಿಲ್ಲಿಸಿದಳು, ನಾನು ಮತ್ತೆ ಟೀವಿಯ ಹಿಂದೆ ಕೂತು ಹೇಳಬೇಕಾದಷ್ಟನ್ನು ಹೇಳಿದೆ. ಹಳೆಯ ಆಟದಲ್ಲಿ ಮೆಟ್ಟಿಲ ಮೇಲೆ ತಮಟೆ ಇತ್ತು, ತಪ್ಪು ನನ್ನದು, ಹೊಸದನ್ನು ಮಾಡಿದವರ ಮೇಲೆ ಆ ದೂರು ನಿಲ್ಲುವುದಿಲ್ಲ. ನಮ್ಮ ಯಂತ್ರವೊಂದು ಹಾಗಿತ್ತು, ಅಷ್ಟೇ. ಗರ್ಜನೆ, ಒದ್ದೆ ಬಟ್ಟೆ, ಸತ್ತಲ್ಲೇ ಏಳುವುದು, ಈ ಮೂರು ದೂರು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಕೊಳ್ಳುವ ಆಟವಲ್ಲ.

ಹೊರಡುವ ಮೊದಲು ಅವಳು ಇನ್ನೊಮ್ಮೆ ಆಟ ಹಚ್ಚಿದಳು. ಮೊದಲ ಮಹಡಿ ಮುಗಿಸಿ, ಮೆಟ್ಟಿಲು ಬಂದಾಗ ರಿಮೋಟಿನಿಂದ ಟೀವಿಯ ಸದ್ದು ಆರಿಸಿದಳು. ಎಂಟು ಎಣಿಸುವಷ್ಟು ಹೊತ್ತು ಕೋಣೆ ಸುಮ್ಮನಿತ್ತು. ಅವಳು ಏನೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಆಮೇಲೆ ಅವಳು ಪೆಟ್ಟಿಗೆ ಕಟ್ಟಿಕೊಂಡು ಹೋದಳು. ನಾನು ಇಬ್ಬರ ಪಾತ್ರೆಯಲ್ಲಿ ಒಂದು ಲೋಟ ಚಹಾಕ್ಕೆ ಇಟ್ಟೆ.

ನಾಲ್ಕು ದೂರಿನಲ್ಲಿ ಒಂದು ಬಿದ್ದುಹೋಯಿತು. ಆಟದಲ್ಲೇ ಇತ್ತು ಎಂದುಕೊಂಡಿದ್ದ ಮೌನ ಆಟದ್ದಲ್ಲ, ನನ್ನ ಉತ್ತರ ಕೇಳಿಸಲೆಂದು ಅವರು ಮನೆಯ ಫ್ರಿಜ್ ಕತ್ತಲು ಮಾಡಿ ಇಟ್ಟದ್ದು ಎಂದು ಗೊತ್ತಾಯಿತು. ಪ್ಯಾಂಟಿಗೂ ಫ್ರಿಜ್ಜಿಗೂ ಬೈದದ್ದು ತಪ್ಪಾಯಿತು ಎಂದು ಹೇಳಲು ಅವರಿಲ್ಲ.